ಕಾರ್ಮೆನ್ ಲೋಮಾಸ್ ಗಾರ್ಸಾ ಚಿತ್ರಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇವರ ಚಿತ್ರಗಳನ್ನು ನಾನು ತುಂಬಾ ಜನಕ್ಕೆ ತೋರಿಸಿದ್ದೇನೆ. ಗೆಳೆಯರಿಗೆ, ಮನೆಗೆ ಬಂದ ನೆಂಟರಿಗೆ, ನನ್ನ ಹತ್ತಿರ ಚಿತ್ರ ಕಲಿಯಲು ಬರುವ ಮಕ್ಕಳಿಗೆ. ನೋಡಿದವರು ಮೊದಲು ನಗುತ್ತಾರೆ. "ಇದು ನಮ್ಮನೆ ಥರಾನೇ ಇದೆ" ಅನ್ನುತ್ತಾರೆ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ಅಡುಗೆಮನೆಯಲ್ಲಿ ಅಷ್ಟು ಜನ ಸೇರಿ ಏನು ಮಾಡುತ್ತಿದ್ದಾರೆ? ಆ ಹೆಂಗಸಿನ ಕೈಯಲ್ಲಿ ಸೊಪ್ಪಿನ ಕಟ್ಟು ಯಾಕೆ? ಇವರು ಯಾವ ದೇಶದವರು? ಹಾಗೆ ಬಂದ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿ ಉತ್ತರ ಬರೆದಿದ್ದೇನೆ.

ಇವರು ಯಾರು?

ಅಮೆರಿಕದ ಚಿತ್ರ ಕಲಾವಿದೆ. ಹುಟ್ಟಿದ್ದು 1948ರಲ್ಲಿ, ಟೆಕ್ಸಸ್ ರಾಜ್ಯದ ದಕ್ಷಿಣ ತುದಿಯ ಕಡೆ ಇರುವ ಕಿಂಗ್ಸ್‌ವಿಲ್ ಎಂಬ ಊರಿನಲ್ಲಿ. ಪಕ್ಕದ ದೊಡ್ಡ ಊರು ಕಾರ್ಪಸ್ ಕ್ರಿಸ್ಟಿ, ಸಮುದ್ರದ ದಡ. ಕಿಂಗ್ಸ್‌ವಿಲ್ ಹುಟ್ಟಿದ್ದು 1904ರಲ್ಲಿ, ರೈಲು ಬಂದ ಮೇಲೆ. ಊರಿನ ಸುತ್ತ ಕಿಂಗ್ ರಾಂಚ್ ಎಂಬ ದೊಡ್ಡ ದನದ ಫಾರ್ಮ್ ಇದೆ. ಅದರ ಹೆಸರು ಕೇಳದ ಟೆಕ್ಸಸ್ ಜನ ಇಲ್ಲ.

ಮನೆಯಲ್ಲಿ ಐದು ಮಕ್ಕಳು. ಕಾರ್ಮೆನ್ ಎರಡನೆಯವರು. ಅಪ್ಪ ಲೋಹದ ತಗಡಿನ ಕೆಲಸ ಮಾಡುತ್ತಿದ್ದರು. ಅಮ್ಮ ಹೂ ಕಟ್ಟುವ ಅಂಗಡಿ ಕೆಲಸ ಬಲ್ಲವರು, ಚಿತ್ರವನ್ನೂ ಬರೆಯುತ್ತಿದ್ದರು. ಈ ಮನೆ, ಈ ಅಪ್ಪ-ಅಮ್ಮ, ಅಜ್ಜ-ಅಜ್ಜಿ, ಚಿಕ್ಕಪ್ಪ-ಚಿಕ್ಕಮ್ಮಂದಿರು, ಅಕ್ಕಪಕ್ಕದ ಮನೆಯವರು ಇವರೇ ಮುಂದೆ ಅವರ ಚಿತ್ರಗಳ ತುಂಬ ಬಂದರು.

ಹೆಸರು ಹೇಳುವುದು ಹೇಗೆ ಅಂತಲೂ ಕೇಳುತ್ತಾರೆ. ಮೆಕ್ಸಿಕನ್ ಜನ ಹೇಳುವ ಸ್ಪ್ಯಾನಿಷ್‌ನಲ್ಲಿ ಅದು "ಗಾರ್ಸಾ". ಲೋಮಾಸ್ ಅಮ್ಮನ ಕಡೆಯ ಹೆಸರು, ಗಾರ್ಸಾ ಅಪ್ಪನ ಕಡೆಯದು. ಎರಡನ್ನೂ ಅವರು ಬಿಟ್ಟಿಲ್ಲ.

ಹಾಗಾದರೆ ಮೆಕ್ಸಿಕೋದಿಂದ ವಲಸೆ ಬಂದವರಾ?

ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟರೆ ತಪ್ಪಾಗುತ್ತದೆ. ಟೆಕ್ಸಸ್ ಮೊದಲು ಮೆಕ್ಸಿಕೋದ ಭಾಗವೇ ಆಗಿತ್ತು. 1836ರಲ್ಲಿ ಬೇರೆ ಆಯಿತು. 1845ರಲ್ಲಿ ಅಮೆರಿಕಕ್ಕೆ ಸೇರಿತು. ಆಮೇಲೆ 1846ರಿಂದ 1848ರವರೆಗೆ ಎರಡೂ ದೇಶಗಳ ನಡುವೆ ಯುದ್ಧ ನಡೆಯಿತು. ಆ ಯುದ್ಧಕ್ಕೆ ಒಂದು ಕಾರಣವೇ ನ್ಯುಯೇಸಸ್ ನದಿ ಮತ್ತು ರಿಯೊ ಗ್ರಾಂಡೆ ನದಿ ನಡುವಿನ ನೆಲ. ಕಿಂಗ್ಸ್‌ವಿಲ್ ಇರುವುದು ಆ ನೆಲದ ಮೇಲೆ. ಒಪ್ಪಂದ ಆದ ಮೇಲೆ ಗಡಿ ರಿಯೊ ಗ್ರಾಂಡೆಗೆ ಸರಿಯಿತು. ಅಲ್ಲಿದ್ದ ಎಷ್ಟೋ ಮನೆತನಗಳು ಇದ್ದ ಜಾಗದಲ್ಲೇ ಇದ್ದವು, ದೇಶ ಬದಲಾಯಿತು.

ಆಮೇಲೆ ಗಡಿ ದಾಟಿ ಬಂದವರೂ ಬಹಳ ಜನ. ಹೀಗೆ ಹಳಬರು, ಹೊಸಬರು ಸೇರಿ ಅಲ್ಲಿ ಒಂದು ದೊಡ್ಡ ಬಳಗ ಬೆಳೆದಿದೆ. ಅವರನ್ನು ಮೆಕ್ಸಿಕನ್-ಅಮೆರಿಕನ್ ಅನ್ನುತ್ತಾರೆ. ಟೆಕ್ಸಸ್‌ನವರು ತಮ್ಮನ್ನು "ತೆಹಾನೋ" ಅಂತಲೂ ಕರೆದುಕೊಳ್ಳುತ್ತಾರೆ. ರಾಜಕೀಯ ಎಚ್ಚರ ಇಟ್ಟುಕೊಂಡವರು "ಚಿಕಾನೋ" ಅನ್ನುತ್ತಾರೆ, ಹೆಂಗಸಾದರೆ "ಚಿಕಾನಾ". ಕಾರ್ಮೆನ್ ಈ ಕೊನೆಯ ಹೆಸರನ್ನು ಎದೆಯುಬ್ಬಿಸಿ ಹೇಳಿಕೊಂಡವರು.

ಚಿತ್ರ ಬರೆಯುವ ಹುಚ್ಚು ಯಾವಾಗ ಹಿಡಿಯಿತು?

ಹದಿಮೂರನೇ ವಯಸ್ಸಿನಲ್ಲಿ ತೀರ್ಮಾನ ಮಾಡಿದರು, ನಾನು ಕಲಾವಿದೆ ಆಗುತ್ತೇನೆ ಅಂತ. ಅದಕ್ಕೆ ಮೊದಲ ಕಾರಣ ಅಮ್ಮ. ಮೆಕ್ಸಿಕನ್ ಮನೆಗಳಲ್ಲಿ "ಲೋತೆರಿಯಾ" ಅಂತ ಒಂದು ಆಟ ಇದೆ. ನಮ್ಮ ಹೌಸಿ ಆಟದ ಥರಾನೇ, ಅಂಕಿ ಬದಲು ಚಿತ್ರ. ಒಟ್ಟು 54 ಎಲೆಗಳು. ಸೂರ್ಯ, ಚಂದ್ರ, ಹುಂಜ, ಏಣಿ, ಕಲ್ಲಂಗಡಿ, ಹೀಗೆ ಒಂದೊಂದು ಎಲೆಯಲ್ಲಿ ಒಂದೊಂದು ಚಿತ್ರ. ಪ್ರತಿಯೊಬ್ಬರ ಮುಂದೆ 16 ಮನೆಗಳ ಒಂದು ಹಲಗೆ. ಅದಕ್ಕೆ "ತಾಬ್ಲಾ" ಅನ್ನುತ್ತಾರೆ. ಒಬ್ಬರು ಎಲೆ ಎತ್ತಿ ಕೂಗುತ್ತಾರೆ. ನಿಮ್ಮ ಹಲಗೆಯಲ್ಲಿ ಆ ಚಿತ್ರ ಇದ್ದರೆ ಅದರ ಮೇಲೆ ಒಂದು ಕಾಳು ಇಡುತ್ತೀರಿ.

ಕಾರ್ಮೆನ್ ಅವರ ಅಮ್ಮ ಈ ಹಲಗೆಗಳನ್ನು ತಾವೇ ಬಣ್ಣ ಹಾಕಿ ಬರೆಯುತ್ತಿದ್ದರು. ಅದನ್ನು ನೋಡಿದ ಮಗಳಿಗೆ ಅದು ಮಾಯೆಯ ಹಾಗೆ ಕಂಡಿತು. 1972ರಲ್ಲಿ, ಅಂದರೆ ಕಾಲೇಜು ಮುಗಿಸಿದ ವರ್ಷವೇ, "ಲೋತೆರಿಯಾ – ತಾಬ್ಲಾ ಯೆನಾ" ಎಂಬ ಎಚಿಂಗ್, ಅಂದರೆ ತಗಡಿನಿಂದ ತೆಗೆದ ಅಚ್ಚುಚಿತ್ರ, ಮಾಡಿದರು. ಹಲಗೆ ತುಂಬಿತು ಅಂತ ಅದರ ಅರ್ಥ. ಮನೆಯ ಹಿತ್ತಲಲ್ಲಿ ಮೇಜು ಹಾಕಿಕೊಂಡು ಎಲ್ಲರೂ ಆಟ ಆಡುತ್ತಿರುವ ಚಿತ್ರ. ಅವರ ಮುಂದಿನ ಐವತ್ತು ವರ್ಷದ ಕೆಲಸದ ಬೀಜ ಈ ಒಂದು ಹಿತ್ತಲಲ್ಲೇ ಇದೆ ಅನಿಸುತ್ತದೆ ನನಗೆ.

ಶಾಲೆಯಲ್ಲಿ ಏನೋ ನೋವಾಗಿತ್ತಂತೆ, ನಿಜವಾ?

ನಿಜ. ಇದು ಗೊತ್ತಿಲ್ಲದೆ ಅವರ ಚಿತ್ರ ನೋಡಿದರೆ ಸುಮ್ನೆ ಚಂದ ಇದೆ ಅಂತ ಮುಂದೆ ಹೋಗಿಬಿಡುತ್ತೇವೆ.

ಟೆಕ್ಸಸ್‌ನಲ್ಲಿ 1918ರಲ್ಲಿ ಒಂದು ಕಾನೂನು ಬಂತು. ಶಾಲೆಯಲ್ಲಿ ಇಂಗ್ಲಿಷಿನಲ್ಲೇ ಪಾಠ ಆಗಬೇಕು ಅಂತ. ಕಾನೂನು ಇದ್ದದ್ದು ಪಾಠಕ್ಕೆ. ಆದರೆ ಎಷ್ಟೋ ಕಡೆ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ಮಾತಾಡಿದ ಮಕ್ಕಳಿಗೂ ಏಟು ಬೀಳುತ್ತಿತ್ತು. ಎರಡು ಭಾಷೆಯಲ್ಲಿ ಕಲಿಸಲು ದೇಶದ ಮಟ್ಟದಲ್ಲಿ ಕಾನೂನು ಬಂದದ್ದು 1968ರಲ್ಲಿ. ಅಷ್ಟು ಹೊತ್ತಿಗೆ ಕಾರ್ಮೆನ್‌ಗೆ ಇಪ್ಪತ್ತು ವರ್ಷ. ಅವರ ಶಾಲೆಯ ದಿನಗಳೆಲ್ಲ ಹಳೆಯ ಕಾಲದಲ್ಲೇ ಕಳೆದುಹೋಗಿದ್ದವು. ಸ್ಪ್ಯಾನಿಷ್ ಮಾತಾಡಿದ್ದಕ್ಕೆ ಶಿಕ್ಷೆ, ಗೇಲಿ, ಅವಮಾನ ಎಲ್ಲ ಕಂಡರು.

ಮಗುವಿಗೆ ಇದು ಏನು ಮಾಡುತ್ತದೆ ಯೋಚಿಸಿ. ಬೈಗುಳ ಭಾಷೆಗೆ ಬಿದ್ದರೂ ಅದು ನಾಟುವುದು ಮನೆಗೆ. ಅಮ್ಮ ಮಾತಾಡುವ ರೀತಿ ಸರಿ ಇಲ್ಲ, ಅಜ್ಜಿ ಮಾಡುವ ಅಡುಗೆ ಸರಿ ಇಲ್ಲ, ನಾವೇ ಸರಿ ಇಲ್ಲ ಅಂತ ಮಗು ನಂಬತೊಡಗುತ್ತದೆ. ನಾನು ಓದಿದ ಶಾಲೆಯಲ್ಲೂ ತರಗತಿಯಲ್ಲಿ ಕನ್ನಡ ಮಾತಾಡಿದರೆ ದಂಡ ಇತ್ತು. ಹಾಗಾಗಿ ಈ ಭಾಗ ಓದಿದಾಗ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಕಾರ್ಮೆನ್ ತಮ್ಮ ಕಲೆಯನ್ನು ಲೋಳೆಸರಕ್ಕೆ ಹೋಲಿಸಿದ್ದಾರೆ. ಸುಟ್ಟ ಗಾಯಕ್ಕೆ, ತರಚಿದ ಗಾಯಕ್ಕೆ ಅಪ್ಪ-ಅಮ್ಮನೋ ಅಜ್ಜ-ಅಜ್ಜಿಯೋ ಲೋಳೆಸರ ಕೊಯ್ದು ಹಚ್ಚುತ್ತಾರಲ್ಲ, ನನ್ನ ಚಿತ್ರದ ಕೆಲಸವೂ ಅದೇ ಎಂಬ ಅರ್ಥದ ಮಾತು. ಗಾಯ ಯಾವುದು ಅಂತ ಗೊತ್ತಾದ ಮೇಲೆ ಮದ್ದು ಯಾಕೆ ಆ ರೂಪದಲ್ಲಿದೆ ಅಂತ ಅರ್ಥ ಆಗುತ್ತದೆ. ಮನೆಯ ಬಗ್ಗೆ ನಾಚಿಕೆ ಹುಟ್ಟಿಸಿದರು. ಹಾಗಾಗಿ ಅವರು ಮನೆಯನ್ನೇ ಬರೆದರು. ಒಂದೊಂದು ಪಾತ್ರೆಯನ್ನೂ, ಒಂದೊಂದು ಚಪ್ಪಲಿಯನ್ನೂ ಬಿಡದೆ ಬರೆದರು.

ಚಿಕಾನೋ ಚಳವಳಿಗೂ ಈ ಚಿತ್ರಗಳಿಗೂ ಏನು ಸಂಬಂಧ?

1960ರ ದಶಕದಲ್ಲಿ ಮೆಕ್ಸಿಕನ್-ಅಮೆರಿಕನ್ನರು ತಮ್ಮ ಹಕ್ಕಿಗಾಗಿ ಎದ್ದು ನಿಂತರು. ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ 1965ರಲ್ಲಿ ದ್ರಾಕ್ಷಿ ತೋಟದ ಕೂಲಿಗಳು ಮುಷ್ಕರ ಹೂಡಿದರು. ಸೀಸರ್ ಚಾವೆಸ್, ಡೊಲೊರೆಸ್ ವೆರ್ತಾ ಮುಂದೆ ನಿಂತರು. ಅದು ಕೂಲಿಯ ಪ್ರಶ್ನೆಯಾಗಿ ಉಳಿಯಲಿಲ್ಲ. ಭೂಮಿ, ಶಾಲೆ, ಭಾಷೆ, ಮತದಾನ, ಕಲೆ ಎಲ್ಲಕ್ಕೂ ಹಬ್ಬಿತು. ಕಾರ್ಮೆನ್ ಆಗ ಕಿಂಗ್ಸ್‌ವಿಲ್‌ನ ಕಾಲೇಜಿನಲ್ಲಿ ಓದುತ್ತಿದ್ದರು. ಆ ಗಾಳಿ ಅವರಿಗೂ ತಾಗಿತು.

ಆಗಿನ ಎಷ್ಟೋ ಕಲಾವಿದರು ಎತ್ತಿದ ಮುಷ್ಟಿ, ಬಾವುಟ, ದೊಡ್ಡ ಗೋಡೆಚಿತ್ರ, ಪೋಸ್ಟರ್ ಮಾಡಿದರು. ಅದೂ ಬೇಕಿತ್ತು. ಕಾರ್ಮೆನ್ ಬೇರೆ ದಾರಿ ಹಿಡಿದರು. ನಮ್ಮ ಜನ ನೋಡಿದ ಕೂಡಲೇ "ಅಯ್ಯೋ, ಇದು ನಾವೇ" ಅನ್ನಬೇಕು. ನಮ್ಮನ್ನು ಗೊತ್ತಿಲ್ಲದವರು ನೋಡಿದರೆ ನಮ್ಮ ಬದುಕು ಅವರಿಗೆ ತಿಳಿಯಬೇಕು. ಅವರ ಆಸೆ ಇಷ್ಟೇ. ಇದು ಮೆತ್ತಗಿನ ದಾರಿ ಅಂತ ಕೆಲವರಿಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ನಿಮ್ಮ ಅಡುಗೆಮನೆ ಕೀಳು ಅಂದವರ ಎದುರು ಅದೇ ಅಡುಗೆಮನೆಯನ್ನು ಮ್ಯೂಸಿಯಂ ಗೋಡೆಗೆ ತೂಗುಹಾಕುವುದು ಸಣ್ಣ ಕೆಲಸವಲ್ಲ.

ಮಕ್ಕಳು ಬರೆದ ಹಾಗಿದೆಯಲ್ಲ? ನೆರಳು, ದೂರ-ಹತ್ತಿರ ಒಂದೂ ಇಲ್ಲ. ಚಿತ್ರ ಕಲಿತಿಲ್ವಾ?

ಜಾಸ್ತಿ ಬರುವ ಪ್ರಶ್ನೆ ಇದೇ. ಕಲಿತಿದ್ದಾರೆ, ಚೆನ್ನಾಗಿ ಕಲಿತಿದ್ದಾರೆ. 1972ರಲ್ಲಿ ಕಿಂಗ್ಸ್‌ವಿಲ್‌ನಲ್ಲಿ ಪದವಿ, ಮರುವರ್ಷ ಆಸ್ಟಿನ್‌ನಲ್ಲಿ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, 1981ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಲೆಯಲ್ಲಿ ಇನ್ನೊಂದು ಸ್ನಾತಕೋತ್ತರ ಪದವಿ. ಎಚಿಂಗ್, ಲಿಥೊಗ್ರಾಫ್ (ಕಲ್ಲಚ್ಚು), ಗ್ವಾಶ್ (ನೀರಿನಲ್ಲಿ ಕಲಸುವ ಗಟ್ಟಿ ಬಣ್ಣ), ಆಕ್ರಿಲಿಕ್, ಎಣ್ಣೆ ಬಣ್ಣ ಎಲ್ಲ ಮಾಡುತ್ತಾರೆ. ಎಚಿಂಗ್ ಅಂದರೆ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಮ್ಲದಲ್ಲಿ ಅದ್ದಿ, ಮಸಿ ತುಂಬಿ ಅಚ್ಚು ತೆಗೆಯುವುದು. ಕೈ ಪಳಗದವರಿಗೆ ಅದು ಆಗುವ ಕೆಲಸವೇ ಅಲ್ಲ.

ಹಾಗಾದರೆ ಯಾಕೆ ಹೀಗೆ ಬರೆಯುತ್ತಾರೆ? ಬೇಕೆಂದೇ. ಅವರು ಈ ಚಿತ್ರಗಳನ್ನು "ಮೊನಿತೋಸ್" ಅನ್ನುತ್ತಾರೆ. ಪುಟ್ಟ ಗೊಂಬೆಗಳು, ಪುಟ್ಟ ಬೊಂಬೆಚಿತ್ರಗಳು ಎಂಬ ಮುದ್ದಿನ ಮಾತು ಅದು.

ಒಮ್ಮೆ ಗಮನ ಇಟ್ಟು ನೋಡಿ. ನೋಡುವವರ ಕಣ್ಣು ಸ್ವಲ್ಪ ಮೇಲೆ ಇರುತ್ತದೆ, ಅಟ್ಟದ ಮೇಲಿಂದ ಬಗ್ಗಿ ನೋಡಿದ ಹಾಗೆ. ಅದರಿಂದ ಯಾರೂ ಯಾರನ್ನೂ ಮರೆ ಮಾಡುವುದಿಲ್ಲ. ಹಿಂದೆ ನಿಂತವರ ಮುಖವೂ ಮುಂದೆ ನಿಂತವರ ಮುಖದಷ್ಟೇ ಸ್ಪಷ್ಟ. ಗಾಢ ನೆರಳು ಹಾಕಿದ್ದರೆ ಯಾರಾದರೂ ಕತ್ತಲಿಗೆ ಹೋಗುತ್ತಿದ್ದರು. ದೂರದವರನ್ನು ಸಣ್ಣದಾಗಿ, ಮಸುಕಾಗಿ ಬರೆದಿದ್ದರೆ ಯಾರೋ ಒಬ್ಬರು ಮುಖ್ಯ, ಉಳಿದವರು ಗುಂಪು ಆಗಿಬಿಡುತ್ತಿದ್ದರು. ಇವರ ಚಿತ್ರದಲ್ಲಿ ಗುಂಪು ಅಂತಲೇ ಇಲ್ಲ. ಪ್ರತಿಯೊಬ್ಬರೂ ಒಬ್ಬರು. ಮೂಲೆಯಲ್ಲಿ ನಿಂತ ಹುಡುಗನ ಅಂಗಿಯ ಪಟ್ಟೆಗೂ ಅಷ್ಟೇ ಸಮಯ ಕೊಟ್ಟಿರುತ್ತಾರೆ.

ನೆನಪು ಕೂಡ ಹೀಗೇ ಇರುತ್ತದೆ ಅಲ್ವಾ? ನಿಮ್ಮ ಅಜ್ಜಿ ಮನೆಯ ಹಜಾರ ನೆನೆದುಕೊಳ್ಳಿ. ನೆರಳು ಎಲ್ಲಿ ಬಿದ್ದಿತ್ತು ನೆನಪಿಗೆ ಬರಲ್ಲ. ಗೋಡೆಯ ಕ್ಯಾಲೆಂಡರ್ ನೆನಪಿಗೆ ಬರುತ್ತದೆ.

ಅಡುಗೆಮನೆ ತುಂಬ ಜನ ಇರುವ ಆ ಚಿತ್ರ ಯಾವುದು?

"ತಮಾಲಾದಾ". 1987ರ ಗ್ವಾಶ್ ಚಿತ್ರ. ತಮಾಲೆ ಮಾಡಲು ಎಲ್ಲರೂ ಸೇರುವುದಕ್ಕೆ ತಮಾಲಾದಾ ಅನ್ನುತ್ತಾರೆ. ಮೆಕ್ಸಿಕನ್ ಮನೆಗಳಲ್ಲಿ ಕ್ರಿಸ್‌ಮಸ್ ಬಂತೆಂದರೆ ಇದು ಇದ್ದದ್ದೇ.

ತಮಾಲೆ ಹೇಗೆ ಮಾಡುತ್ತಾರೆ ಅಂತ ಹೇಳಿಬಿಡುತ್ತೇನೆ, ಚಿತ್ರ ತಾನಾಗೇ ಅರ್ಥ ಆಗುತ್ತದೆ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ರುಬ್ಬಿ ಹಿಟ್ಟು ಮಾಡುತ್ತಾರೆ. ಅದಕ್ಕೆ "ಮಾಸಾ" ಅಂತ ಹೆಸರು. ಅದಕ್ಕೆ ಕೊಬ್ಬು ಸೇರಿಸಿ ಚೆನ್ನಾಗಿ ನಾದುತ್ತಾರೆ. ಜೋಳದ ತೆನೆಯ ಒಣಗಿದ ಮುಸುಕನ್ನು ನೀರಲ್ಲಿ ನೆನೆಹಾಕಿ ಮೆತ್ತಗೆ ಮಾಡುತ್ತಾರೆ. ಒಂದೊಂದು ಮುಸುಕಿನ ಮೇಲೆ ಹಿಟ್ಟು ಸವರಿ, ನಡುವೆ ಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸ ಇಟ್ಟು, ಸುತ್ತಿ ಮಡಿಸುತ್ತಾರೆ. ದೊಡ್ಡ ಪಾತ್ರೆಯಲ್ಲಿ ನಿಲ್ಲಿಸಿ ಹಬೆಯಲ್ಲಿ ಬೇಯಿಸುತ್ತಾರೆ. ಎಲೆಯಲ್ಲಿ ಕಟ್ಟಿ ಬೇಯಿಸುವ ಕಡುಬು ತಿಂದವರಿಗೆ ಇದರ ವಾಸನೆ ಊಹಿಸುವುದು ಕಷ್ಟ ಇಲ್ಲ.

ಒಬ್ಬರೇ ಮಾಡಿದರೆ ದಿನಪೂರ್ತಿ ಹಿಡಿಯುವ ಕೆಲಸ. ಅದಕ್ಕೇ ಎಲ್ಲರೂ ಸೇರುತ್ತಾರೆ. ಚಿತ್ರದಲ್ಲಿ ಅಜ್ಜ ನೀಲಿ ಬಟ್ಟೆಯಲ್ಲಿದ್ದಾರೆ. ಪುಟ್ಟ ಕಾರ್ಮೆನ್ ಮತ್ತು ಅವರ ಸೋದರಿ ಅಜ್ಜನ ಪಕ್ಕದಲ್ಲಿ ನಿಂತು ಮುಸುಕು ನೆನೆಹಾಕಲು ಕೈ ಜೋಡಿಸಿದ್ದಾರೆ. ಅಮ್ಮ ಹಿಟ್ಟು ಸವರುತ್ತಿದ್ದಾರೆ. ಚಿಕ್ಕಮ್ಮ, ಚಿಕ್ಕಪ್ಪ ಮಾಂಸ ಇಡುತ್ತಿದ್ದಾರೆ. ಅಜ್ಜಿ ಮಡಿಸಿದ ತಮಾಲೆಗಳನ್ನು ಸಾಲಾಗಿ ಜೋಡಿಸುತ್ತಿದ್ದಾರೆ. ಗೋಡೆಯ ಮೇಲೆ ಯೇಸುವಿನ ಕೊನೆಯ ಊಟದ ಪಟ.

ಕೆಲವು ಮನೆಗಳಲ್ಲಿ ಇದು ಹೆಂಗಸರ ಕೆಲಸ ಮಾತ್ರ. ನಮ್ಮ ಮನೆಯಲ್ಲಿ ಹಾಗಲ್ಲ, ಎಲ್ಲರೂ ಮಾಡುತ್ತೇವೆ ಅಂತ ಕಾರ್ಮೆನ್ ಒತ್ತಿ ಹೇಳಿದ್ದಾರೆ. ಗಂಡಸರು ಹಿಟ್ಟಿನ ಕೈಯಲ್ಲಿ ನಿಂತಿರುವುದನ್ನು ಮೊದಲ ಸಲ ನೋಡಿದಾಗ ನನಗೆ ತುಂಬಾ ಖುಷಿ ಆಯಿತು.

ಆ ಪಟವನ್ನೂ ಮರೆಯಬೇಡಿ. ಗೋಡೆಯ ಮೇಲೆ ಒಂದು ಪಂಕ್ತಿ, ಕೆಳಗೆ ಇನ್ನೊಂದು ಪಂಕ್ತಿ.

"ಕೇಕ್‌ವಾಕ್" ಚಿತ್ರದಲ್ಲಿ ಬೀದಿಯಲ್ಲಿ ವೃತ್ತ ಬರೆದು ಜನ ಯಾಕೆ ಸುತ್ತುತ್ತಿದ್ದಾರೆ?

ದುಡ್ಡು ಕೂಡಿಸಲು. ಮ್ಯೂಸಿಕಲ್ ಚೇರ್ ಆಟದ ಹಾಗೆ. ನೆಲದ ಮೇಲೆ ಸೀಮೆಸುಣ್ಣದಿಂದ ದೊಡ್ಡ ವೃತ್ತ ಬರೆದು ಅದರಲ್ಲಿ ಅಂಕಿ ಹಾಕುತ್ತಾರೆ. ಹಣ ಕೊಟ್ಟವರು ಹಾಡಿಗೆ ತಕ್ಕ ಹಾಗೆ ನಡೆಯುತ್ತಾರೆ. ಹಾಡು ನಿಂತಾಗ ಒಂದು ಅಂಕಿ ಕೂಗುತ್ತಾರೆ. ಆ ಅಂಕಿಯ ಮೇಲೆ ನಿಂತವರಿಗೆ ಒಂದು ಕೇಕು. ಬಂದ ಹಣ ಮೆಕ್ಸಿಕನ್-ಅಮೆರಿಕನ್ ಮಕ್ಕಳ ಕಾಲೇಜು ಓದಿಗೆ.

ಕಾರ್ಮೆನ್ ಅವರ ಅಪ್ಪ-ಅಮ್ಮ ಅಮೆರಿಕನ್ ಜಿ.ಐ. ಫೋರಂ ಎಂಬ ಸಂಘದ ಕೆಲಸದಲ್ಲಿ ಇದ್ದವರು. ಎರಡನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಮೆಕ್ಸಿಕನ್-ಅಮೆರಿಕನ್ ಸೈನಿಕರಿಗೆ ಊರಿಗೆ ಬಂದ ಮೇಲೂ ಭೇದಭಾವ ತಪ್ಪಲಿಲ್ಲ. ಆಗ ಡಾಕ್ಟರ್ ಹೆಕ್ಟರ್ ಪಿ. ಗಾರ್ಸಿಯಾ ಎಂಬ ವೈದ್ಯರು ಕಾರ್ಪಸ್ ಕ್ರಿಸ್ಟಿಯಲ್ಲಿ ಈ ಸಂಘ ಕಟ್ಟಿದರು. ಅದು 1948, ಕಾರ್ಮೆನ್ ಹುಟ್ಟಿದ ವರ್ಷವೇ.

1987ರ ಈ ಚಿತ್ರ ನೋಡುವಾಗ ಒಂದು ಸಂಗತಿ ಮನಸ್ಸಿಗೆ ಬಂತು. ಹೋರಾಟ ಅಂದರೆ ಭಾಷಣ, ಮೆರವಣಿಗೆ ಅಂತಷ್ಟೇ ನಾವು ನೆನಪಿಟ್ಟುಕೊಳ್ಳುತ್ತೇವೆ. ಅದರ ಹಿಂದೆ ಮನೆಯಲ್ಲಿ ಕೇಕು ಬೇಯಿಸಿ ತಂದ ಹೆಂಗಸರ ಲೆಕ್ಕ ಯಾರು ಬರೆಯುತ್ತಾರೆ? ಇವರು ಬರೆದಿದ್ದಾರೆ. ಮೇಜಿನ ಮೇಲೆ ಕೇಕುಗಳನ್ನು ಜೋಡಿಸಿಟ್ಟು ಬರೆದಿದ್ದಾರೆ.

ಸೊಪ್ಪಿನ ಕಟ್ಟು ಹಿಡಿದ ಹೆಂಗಸು ಯಾರು? ಮಾಟ-ಮಂತ್ರವಾ?

ಅಲ್ಲ. ಅವರು "ಕುರಾಂದೆರಾ", ನಾಟಿ ವೈದ್ಯೆ. ಗಿಡಮೂಲಿಕೆ, ಪ್ರಾರ್ಥನೆ ಎರಡರಿಂದಲೂ ಗುಣ ಮಾಡುವವರು. ಮೆಕ್ಸಿಕನ್ ಜನರಲ್ಲಿ "ಸುಸ್ತೋ" ಅಂತ ಒಂದು ನಂಬಿಕೆ ಇದೆ. ದೊಡ್ಡ ಹೆದರಿಕೆ ಆದರೆ ಅದು ಮೈಯಲ್ಲಿ ಕೂತು ಕಾಯಿಲೆ ಆಗುತ್ತದೆ ಅಂತ. ಕುರಾಂದೆರಾ ಸೊಪ್ಪಿನ ಕಟ್ಟಿನಿಂದ ತಲೆಯಿಂದ ಕಾಲಿನವರೆಗೆ ಗುಡಿಸಿದ ಹಾಗೆ ಸವರಿ ಆ ಹೆದರಿಕೆಯನ್ನು ತೆಗೆಯುತ್ತಾರೆ. ಕೆಟ್ಟ ಕಣ್ಣು ಬೀಳುವುದು ಅಂತಲೂ ಅವರಲ್ಲಿ ನಂಬುತ್ತಾರೆ. ಮಕ್ಕಳಿಗೆ ದೃಷ್ಟಿ ತೆಗೆಯುವುದನ್ನು ನೋಡಿ ಬೆಳೆದವರಿಗೆ ಇದು ವಿಚಿತ್ರ ಅನಿಸಬಾರದು.

ಕಿವಿನೋವಿಗೆ ಕಾಗದದ ಕೊಳವೆ ಮಾಡಿ ಕಿವಿಗೆ ಇಟ್ಟು ತುದಿಗೆ ಬೆಂಕಿ ಹಚ್ಚುವ ಇನ್ನೊಂದು ಚಿತ್ರವೂ ಇದೆ. ಅದನ್ನು ಚಿತ್ರದಲ್ಲಿ ನೋಡಿ, ಮನೆಯಲ್ಲಿ ಮಾಡಬೇಡಿ. ಸುಟ್ಟುಕೊಳ್ಳುವ ಅಪಾಯ ಇದೆ. ಕಿವಿ ನೋವಿಗೆ ಡಾಕ್ಟರ್ ಹತ್ತಿರವೇ ಹೋಗಬೇಕು. ಚಿತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕೊಳವೆಯಲ್ಲ. ನೋವಿರುವವರ ಪಕ್ಕದಲ್ಲಿ ಒಬ್ಬರು ಕೂತಿದ್ದಾರಲ್ಲ, ಅದು.

ಕೋಳಿ ಕೊಲ್ಲುವ ಚಿತ್ರ ಇದೆ. ಮಕ್ಕಳಿಗೆ ತೋರಿಸಬಹುದಾ?

ನಾನು ತೋರಿಸುತ್ತೇನೆ. ಅಜ್ಜಿ ಹಿತ್ತಲಲ್ಲಿ ಭಾನುವಾರದ ಸಾರಿಗೆ ಕೋಳಿಯ ಕುತ್ತಿಗೆ ಮುರಿಯುತ್ತಿದ್ದಾರೆ. ಅಜ್ಜ ಗೂಡಿನೊಳಗೆ ಇನ್ನೊಂದನ್ನು ಹಿಡಿಯಲು ನೋಡುತ್ತಿದ್ದಾರೆ. ನೀಲಿ ಫ್ರಾಕಿನ ಪುಟ್ಟ ಕಾರ್ಮೆನ್ ನಿಂತು ನೋಡುತ್ತಿದ್ದಾಳೆ. ಪಕ್ಕದಲ್ಲಿ ತಮ್ಮ. ಅವನ ಕೈಯಲ್ಲಿ ಐಸ್ ಗೋಲಾ. ಗಾಬರಿಯಲ್ಲಿ ಅದು ಚೆಲ್ಲಿ ಹೋಗುತ್ತಿದೆ.

ಆ ಚೆಲ್ಲುವ ಐಸ್ ಗೋಲಾ ಇರುವುದರಿಂದಲೇ ಈ ಚಿತ್ರವನ್ನು ಮಕ್ಕಳಿಗೆ ತೋರಿಸಬಹುದು. ಮಗುವಿಗೆ ಆದ ಆಘಾತವನ್ನು ಕಲಾವಿದೆ ಮುಚ್ಚಿಟ್ಟಿಲ್ಲ. ಅಜ್ಜಿಯನ್ನು ಕ್ರೂರಿ ಅಂತಲೂ ತೋರಿಸಿಲ್ಲ. ಸಾರಿನೊಳಗಿನ ಕೋಳಿ ಎಲ್ಲಿಂದ ಬಂತು ಅಂತ ಒಂದು ಮಗುವಿಗೆ ತಿಳಿದ ಗಳಿಗೆ ಅದು. ನನ್ನ ಹತ್ತಿರ ಬರುವ ಮಕ್ಕಳು ಈ ಚಿತ್ರದ ಮುಂದೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ನಿಲ್ಲುತ್ತಾರೆ, ಎಲ್ಲಕ್ಕಿಂತ ಕಡಿಮೆ ಮಾತಾಡುತ್ತಾರೆ. ತುಂಬಾ ಪುಟ್ಟ ಮಕ್ಕಳಾದರೆ ಹುಟ್ಟುಹಬ್ಬದ ಚಿತ್ರದಿಂದ ಶುರು ಮಾಡಿ. ಅದರಲ್ಲಿ ಕಾರ್ಮೆನ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಿನ್ಯಾತಾ ಹೊಡೆಯುತ್ತಿದ್ದಾಳೆ. ಒಳಗೆ ಮಿಠಾಯಿ ತುಂಬಿ ತೂಗುಹಾಕಿದ ಬೊಂಬೆ ಅದು. ಅಪ್ಪ ಹಗ್ಗ ಹಿಡಿದು ಮೇಲೆ ಕೆಳಗೆ ಎಳೆಯುತ್ತಿದ್ದಾರೆ, ಎಲ್ಲ ಮಕ್ಕಳಿಗೂ ಒಂದೊಂದು ಸಲವಾದರೂ ಹೊಡೆಯಲು ಸಿಗಲಿ ಅಂತ. ಮೊಸರು ಕುಡಿಕೆ ನೋಡಿದ ಮಕ್ಕಳಿಗೆ ವಿವರಣೆಯೇ ಬೇಡ.

ಕಾಗದ ಕತ್ತರಿಸಿ ಮಾಡಿದ ಕೆಲಸವೂ ಇವರದೇನಾ?

ಹೌದು. ಹಬ್ಬಕ್ಕೆ ಬಣ್ಣದ ತೆಳು ಕಾಗದ ಕತ್ತರಿಸಿ ಸಾಲಾಗಿ ತೂಗುಹಾಕುವುದು ಮೆಕ್ಸಿಕೋದ ಹಳೆಯ ಕಲೆ. ಅದಕ್ಕೆ "ಪಾಪೆಲ್ ಪಿಕಾದೋ" ಅನ್ನುತ್ತಾರೆ. ಕಾರ್ಮೆನ್ ಇದರಲ್ಲೂ ಮನೆಯ ಕಥೆಯನ್ನೇ ಹೇಳಿದ್ದಾರೆ. 1995ರಲ್ಲಿ ಅಮ್ಮನ ಅಪ್ಪನ ನೆನಪಿಗೆ "ಒಫ್ರೆಂದಾ ಪಾರಾ ಆಂತೋನಿಯೋ ಲೋಮಾಸ್" ಮಾಡಿದರು. ಒಫ್ರೆಂದಾ ಅಂದರೆ ತೀರಿಕೊಂಡವರಿಗೆ ಇಡುವ ಎಡೆ. ಆ ಕೆಲಸದಲ್ಲಿ ಅಜ್ಜ ತಮ್ಮ ತೋಟದ ಜೋಳಕ್ಕೆ ನೀರು ಹಾಕುತ್ತಿದ್ದಾರೆ. ತಮಾಲಾದಾ ಚಿತ್ರದಲ್ಲಿ ನೋಡಿದ ಮುಸುಕಿನ ಜೋಳ ಮತ್ತೆ ಇಲ್ಲಿ ಬರುತ್ತದೆ.

ಆಮೇಲೆ ಕಾಗದದಿಂದ ಲೋಹಕ್ಕೆ ಹೋದರು. ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದಲ್ಲಿ "ಬಾಯ್ಲೆ" ಎಂಬ ದೊಡ್ಡ ತಾಮ್ರದ ಕೆಲಸ ಇದೆ, 1999ರದು. ಬಾಯ್ಲೆ ಅಂದರೆ ಕುಣಿತ. ಕಾಗದ ಕತ್ತರಿಸಿದ ಹಾಗೆಯೇ ತಗಡನ್ನು ಕತ್ತರಿಸಿದ್ದಾರೆ. ಅಪ್ಪನ ತಗಡಿನ ಕೆಲಸ ಮಗಳ ಕೈಯಲ್ಲಿ ಹೀಗೆ ಮುಂದುವರಿಯಿತು ಅಂತ ನಾನು ಅಂದುಕೊಂಡಿದ್ದೇನೆ.

ಟೆಕ್ಸಸ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಯಾಕೆ ಹೋದರು?

1976ರಲ್ಲಿ ಹೋದರು. ಅಲ್ಲಿನ ಮಿಷನ್ ಎಂಬ ಬಡಾವಣೆಯಲ್ಲಿ ಗಲೇರಿಯಾ ದೆ ಲಾ ರಾಸಾ ಎಂಬ ಚಿಕಾನೋ ಕಲಾ ಕೇಂದ್ರ ಇತ್ತು, 1970ರಲ್ಲಿ ಶುರುವಾದದ್ದು. ಅಲ್ಲಿ ಕೆಲಸ ಮಾಡಿದರು. 1978ರಲ್ಲಿ ಅಲ್ಲಿ ಮೆಕ್ಸಿಕೋದ ಕಲಾವಿದೆ ಫ್ರೀದಾ ಕಾಹ್ಲೋ ನೆನಪಿನ ಪ್ರದರ್ಶನ ನಡೆದಾಗ ಕಾರ್ಮೆನ್ ಆಕೆಗೊಂದು ಒಫ್ರೆಂದಾ ಕಟ್ಟಿದರು. ಫ್ರೀದಾ ಹೆಸರು ಇವತ್ತಿನಷ್ಟು ಲೋಕದ ತುಂಬ ಹರಡಿರದ ಕಾಲ ಅದು.

ಒಂದು ಮಾತು ಗಮನಿಸಿ. ಕಿಂಗ್ಸ್‌ವಿಲ್‌ನ ಆ ಹೆಸರಾದ ಚಿತ್ರಗಳಲ್ಲಿ ಹೆಚ್ಚಿನವು ಊರು ಬಿಟ್ಟ ಮೇಲೆ ಬರೆದವು. ಸಾವಿರಾರು ಕಿಲೋಮೀಟರ್ ಆಚೆ, ತಣ್ಣನೆ ಮಂಜಿನ ಊರಲ್ಲಿ ಕೂತು ಟೆಕ್ಸಸ್‌ನ ಬೇಸಿಗೆ ರಾತ್ರಿಯ ಕಲ್ಲಂಗಡಿ ಹಣ್ಣನ್ನು ಬರೆದರು. 1986ರ "ಸಾಂದಿಯಾ" ನೋಡಿ. ಊಟ ಆದ ಮೇಲೆ ಮನೆ ಮುಂದಿನ ಜಗಲಿಯಲ್ಲಿ ಎಲ್ಲರೂ ಕೂತು ಹಣ್ಣು ತಿನ್ನುತ್ತಿದ್ದಾರೆ. ಜಗಲಿಗೆ ಮಾತ್ರ ಬೆಳಕು. ಆಚೆ ಬರೀ ಕತ್ತಲು. ಲೋಕ ಅಂದರೆ ಆ ದೀಪದ ಬೆಳಕು ಬಿದ್ದಷ್ಟೇ ಜಾಗ ಎಂಬ ಹಾಗೆ.

ಎಲ್ಲ ಚಿತ್ರದಲ್ಲೂ ಎಲ್ಲರೂ ಸುಖವಾಗಿದ್ದಾರೆ. ಬಡತನ, ಜಗಳ, ದುಃಖ ಇರಲಿಲ್ವಾ?

ಕೇಳಬೇಕಾದ ಪ್ರಶ್ನೆಯೇ. ಇದ್ದವು. ಅವರು ಅದನ್ನು ಬಾಯಿಬಿಟ್ಟು ಹೇಳಿದ್ದಾರೆ. ಆದರೆ ಬರೆಯುವಾಗ ಆರಿಸಿದ್ದು ಬೇರೆ. ಅವರ ಜನರನ್ನು ಹೊರಗಿನವರು ಯಾವಾಗಲೂ ಕೂಲಿಗಳಾಗಿ, ಕಳ್ಳರಾಗಿ, ಪಾಪದವರಾಗಿ ತೋರಿಸಿದ್ದರು. ಅಂಥ ಚಿತ್ರ ಆಗಲೇ ಬೇಕಾದಷ್ಟು ಇತ್ತು. ಕೊರತೆ ಇದ್ದದ್ದು ಇದಕ್ಕೆ: ಭಾನುವಾರ ಮಧ್ಯಾಹ್ನ, ಎಲ್ಲರೂ ಇದ್ದಾರೆ, ಹೊಟ್ಟೆ ತುಂಬಿದೆ, ಯಾರೂ ಯಾರಿಗೂ ಹೆದರಬೇಕಿಲ್ಲ.

ಹಾಗಂತ ಸಿಹಿ ಮಾತ್ರ ಇದೆ ಅಂತಲೂ ಹೇಳಲಾರೆ. ಹೆದರಿಕೆ ಹಿಡಿದು ಹಾಸಿಗೆಯಲ್ಲಿ ಮಲಗಿದವರು ಇದ್ದಾರೆ. ಕೋಳಿ ಸಾಯುತ್ತದೆ. ಅಜ್ಜನಿಗೆ ಎಡೆ ಇಟ್ಟಿದ್ದಾರೆ. ದುಃಖ ಇದೆ, ಕೂಗಾಡುವುದಿಲ್ಲ ಅಷ್ಟೇ.

ಎಲ್ಲಿ ನೋಡಬಹುದು? ಪುಸ್ತಕ ಇದೆಯಾ?

ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಅಮೆರಿಕನ್ ಆರ್ಟ್ ಮ್ಯೂಸಿಯಂನಲ್ಲಿ ಇವರ ಕೆಲಸ ಇದೆ, ಅವರ ವೆಬ್‌ಸೈಟಿನಲ್ಲೂ ನೋಡಬಹುದು. ಪುಸ್ತಕ ಬೇಕಾದರೆ 1990ರಲ್ಲಿ ಬಂದ "ಫ್ಯಾಮಿಲಿ ಪಿಕ್ಚರ್ಸ್" ಹುಡುಕಿ. ಒಂದು ಕಡೆ ಚಿತ್ರ, ಜೊತೆಗೆ ಅದರ ಕಥೆ ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ. ಯಾವ ಭಾಷೆಗಾಗಿ ಶಾಲೆಯಲ್ಲಿ ಶಿಕ್ಷೆ ಆಗಿತ್ತೋ ಆ ಭಾಷೆ ಈಗ ಶಾಲೆಯ ಗ್ರಂಥಾಲಯದ ಪುಸ್ತಕದಲ್ಲಿದೆ. ಲಾಸ್ ಏಂಜಲೀಸ್‌ನಲ್ಲಿ ಪುಟ್ಟ ಮಕ್ಕಳ ಒಂದು ಶಾಲೆಗೆ ಇವರ ಹೆಸರನ್ನೇ ಇಟ್ಟಿದ್ದಾರೆ.

ಮಕ್ಕಳ ಜೊತೆ ಈ ಚಿತ್ರಗಳನ್ನು ಹೇಗೆ ನೋಡುವುದು?

ಮೊದಲು ಸುಮ್ಮನೆ ನೋಡಲು ಬಿಡಿ. ಏನೂ ಹೇಳಬೇಡಿ. ಆಮೇಲೆ ಕೇಳಿ: ಇದರಲ್ಲಿ ಯಾರು ಕೆಲಸ ಮಾಡುತ್ತಿಲ್ಲ? ಯಾರು ಯಾರನ್ನು ನೋಡುತ್ತಿದ್ದಾರೆ? ನಾಯಿ ಎಲ್ಲಿದೆ? ಮಕ್ಕಳು ತಾವೇ ಕಥೆ ಕಟ್ಟುತ್ತಾರೆ.

ನಂತರ ತಮ್ಮ ಮನೆಯ ಒಂದು ಹೊತ್ತನ್ನು ಬರೆಯಲು ಹೇಳಿ. "ನನ್ನ ಮನೆ" ಅಂದರೆ ಎಲ್ಲರೂ ತ್ರಿಕೋನದ ಮಾಡು, ಎರಡು ಕಿಟಕಿ ಬರೆದುಬಿಡುತ್ತಾರೆ. "ಕರೆಂಟ್ ಹೋದಾಗ ನಿಮ್ಮ ಮನೆಯಲ್ಲಿ ಯಾರು ಎಲ್ಲಿ ಕೂತಿದ್ದರು?" ಅಂತ ಕೇಳಿ. ಒಬ್ಬರನ್ನೂ ಬಿಡಬಾರದು, ಒಬ್ಬರ ಮುಖವನ್ನೂ ಮುಚ್ಚಬಾರದು ಅಂತ ಒಂದೇ ಷರತ್ತು ಹಾಕಿ. ಆ ಷರತ್ತು ಹಾಕಿದ ಕೂಡಲೇ ಮಕ್ಕಳು ತಾವಾಗೇ ಮೇಲಿನಿಂದ ನೋಡಿದ ಹಾಗೆ ಬರೆಯಲು ಶುರು ಮಾಡುತ್ತಾರೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ಮೈ ಜುಮ್ಮೆಂದಿತು.

ಒಂದೇ ಒಂದು ಚಿತ್ರ ನೋಡಿ ಅಂದರೆ ಯಾವುದು?

"ಕಾಮಾಸ್ ಪಾರಾ ಸುಯೇನ್ಯೋಸ್". ಕನಸುಗಳಿಗೆ ಹಾಸಿಗೆಗಳು. 1985ರದು, ಕಾಗದದ ಮೇಲೆ ಗ್ವಾಶ್, ಈಗ ಸ್ಮಿತ್‌ಸೋನಿಯನ್‌ನಲ್ಲಿದೆ. ದೊಡ್ಡದೇನಲ್ಲ, ಎರಡು ಅಡಿ ಎತ್ತರವೂ ಇಲ್ಲ.

ರಾತ್ರಿ. ಮನೆಯ ಮಾಡಿನ ಮೇಲೆ ಇಬ್ಬರು ಹುಡುಗಿಯರು, ಕಾರ್ಮೆನ್ ಮತ್ತು ಸೋದರಿ. ಚಂದ್ರ, ನಕ್ಷತ್ರ ನೋಡುತ್ತಾ ಮುಂದೆ ಏನಾಗಬೇಕು ಅಂತ ಮಾತಾಡಿಕೊಳ್ಳುತ್ತಿದ್ದಾರೆ. ಒಬ್ಬಳಿಗೆ ಆಗಲೇ ಗೊತ್ತು, ಕಲಾವಿದೆ ಆಗಬೇಕು ಅಂತ. ಮೊದಲ ಸಲ ನೋಡಿದಾಗ ಕಣ್ಣು ಅವರ ಮೇಲೆಯೇ ನಿಲ್ಲುತ್ತದೆ.

ಆಮೇಲೆ ಕೆಳಗಿನ ಕಿಟಕಿ ಕಾಣುತ್ತದೆ. ಒಳಗೆ ದೀಪ ಉರಿಯುತ್ತಿದೆ. ಅಮ್ಮ ಬಗ್ಗಿ ಆ ಇಬ್ಬರಿಗೂ ಹಾಸಿಗೆ ಹಾಸುತ್ತಿದ್ದಾರೆ.